ನಿಮ್ಮ ಮಳೆ ಇನ್ನೂ ಗಾಳಿಯಾಗಿದ್ದಾಗ

ಸಲಾಲಾ ಬಂದರು, ಒಮಾನ್
ಜುಲೈ 23

ಅಪ್ಪಯ್ಯ, ಅಮ್ಮನಿಗೆ ನಮಸ್ಕಾರಗಳು. ಅಜ್ಜಿಗೂ ಹೇಳಿ.

ಮೊನ್ನೆ ಅಪ್ಪಯ್ಯ "ನಡು ಸಮುದ್ರದಲ್ಲಿ ಮಳೆ ಹೆಂಗೆ?" ಅಂತ ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಆ ಪ್ರಶ್ನೆ ತಲೆಯಲ್ಲೇ ಉಳಿದುಬಿಟ್ಟಿದೆ. ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣನ ಮೊಬೈಲಿಗೆ ಫೋಟೋ ಕಳಿಸುತ್ತೇನೆ, ಓದಿ ಹೇಳಲಿ.

ಉತ್ತರ ಏನು ಗೊತ್ತಾ? ಮಳೆಯೇ ಇಲ್ಲ! ಏಳು ದಿನದ ದಾರಿಯಲ್ಲಿ ಕೊಡೆ ಬಿಚ್ಚುವಂಥ ಮಳೆ ಎರಡು ಸಲ, ಅದೂ ಹತ್ತು ನಿಮಿಷ. ಆದರೆ ಗಾಳಿ ಮಾತ್ರ ಹೇಳತೀರದು.

ಮಾರಿಷಸ್‌ನ ಪೋರ್ಟ್ ಲೂಯಿಯಿಂದ ನಮ್ಮ ಹಡಗು ಹೊರಟಾಗ ಗಾಳಿ ಆಗ್ನೇಯದಿಂದ ಬರುತ್ತಿತ್ತು. ನಾವು ಬಡಗು ದಿಕ್ಕಿಗೆ ಹೊರಟಿದ್ದರಿಂದ ಬಲಗಡೆ ಬೆನ್ನಿಗೆ ತಾಗುತ್ತಿತ್ತು. ಭೂಮಧ್ಯರೇಖೆಯ ಹತ್ತಿರ ಬಂದಾಗ ನೆಟ್ಟಗೆ ಹಿಂದಿನಿಂದ, ತೆಂಕಣದಿಂದ. ದಾಟಿ ಒಂದು ದಿನ ಕಳೆದರೆ ಅದೇ ಗಾಳಿ ಎಡಗಡೆಗೆ ಬಂದುಬಿಟ್ಟಿದೆ, ನೈಋತ್ಯ! ಭೂಮಿ ತಿರುಗುವುದರಿಂದ ಗಾಳಿ ತೆಂಕಣ ಗೋಳದಲ್ಲಿ ಎಡಕ್ಕೆ, ಬಡಗಣ ಗೋಳದಲ್ಲಿ ಬಲಕ್ಕೆ ವಾಲುತ್ತೆ ಅಂತ ಓದಿ ಪಾಸಾಗಿದ್ದೆ. ಬೆನ್ನ ಮೇಲೆ ಹೀಗೆ ಅನುಭವಕ್ಕೆ ಬಂದದ್ದು ಈ ಸಲವೇ. ನಮ್ಮ ಮುಂಗಾರು ಹುಟ್ಟುವುದು ಮಾರಿಷಸ್‌ನ ಆಚೆ, ಅಲ್ಲಿ ಚಳಿಗಾಲ ಇರುವಾಗ. ನೋಡಿ, ಎಷ್ಟು ದೂರದ ನೆಂಟ.

ಸೊಮಾಲಿಯಾದ ಹೊರಗೆ ಈ ಗಾಳಿ ಹೊಳೆ ಇಕ್ಕಟ್ಟಿಗೆ ಬಿದ್ದ ಹಾಗೆ ರಭಸ ಹಿಡಿಯುತ್ತೆ. ಆಫ್ರಿಕಾದ ಎತ್ತರದ ನೆಲ ಒಂದು ಕಡೆ ಗೋಡೆ ಕಟ್ಟಿದ ಹಾಗಿದೆ. ಒಂದು, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಇನ್ನೂ ಜೋರು. 1969ರಲ್ಲಿ ಫಿಂಡ್‌ಲೇಟರ್ ಎಂಬ ಹವಾಮಾನ ವಿಜ್ಞಾನಿ ಇದರ ಜಾಡು ಬರೆದರು, ಅವರ ಹೆಸರಲ್ಲೇ ಕರೆಯುತ್ತಾರೆ. 20ನೇ ತಾರೀಖಿನ ರಾತ್ರಿ ನಮಗೆ 38 ನಾಟ್ ಇತ್ತು, ಗಂಟೆಗೆ 70 ಕಿಲೋಮೀಟರ್. ಮುನ್ಸೂಚನೆಯಲ್ಲಿ ಅಲೆ 5 ಮೀಟರ್ ಅಂತಿತ್ತು. ಈ ಲೆಕ್ಕ ಸ್ವಲ್ಪ ಮೋಸದ್ದು ಅಪ್ಪಯ್ಯ. ಎಲ್ಲ ಅಲೆಗಳ ಸರಾಸರಿ ಅಲ್ಲ. ತೋಟದ ಗೊನೆಗಳಲ್ಲಿ ದೊಡ್ಡವು ಮೂರನೇ ಒಂದು ಪಾಲು ಆರಿಸಿ ಅವುಗಳ ಸರಾಸರಿ ಹೇಳಿದ ಹಾಗೆ. ನಡುವೆ ಒಂದೊಂದು ಅದರ ದುಪ್ಪಟ್ಟಿನ ಹತ್ತಿರ ಬರುವುದೂ ಉಂಟು.

ಅಂಥದ್ದೇ ಒಂದಕ್ಕೆ ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಹೋಯಿತು. "ಪ್ಲಾಸ್ಟಿಕ್ಕಿನಲ್ಲಿ ರುಚಿ ಕೆಡುತ್ತೆ" ಅಂತ ಗಾಜಿನದ್ದೇ ಕೊಟ್ಟಿದ್ದೆಯಲ್ಲ ಅಮ್ಮ, ಕಪಾಟಿನ ಬಾಗಿಲು ತೆರೆದುಕೊಂಡು ನೆಲಕ್ಕೆ ಬಿತ್ತು. ಚಿಲಕ ಹಾಕದ್ದು ನನ್ನದೇ ತಪ್ಪು. ಮಿಡಿಗಳು ಮಂಚದ ಅಡಿಯಿಂದ ಬಾಗಿಲಿಗೆ, ಬಾಗಿಲಿನಿಂದ ಮಂಚದ ಅಡಿಗೆ ಉರುಳುತ್ತಿದ್ದವು. ಹಿಡಿಯಲು ಹೋದರೆ ನಾನೇ ಉರುಳಿದೆ. ಮೂರು ದಿನವಾಯಿತು, ಕ್ಯಾಬಿನ್ನಿನಲ್ಲಿ ನಮ್ಮ ಮಾಡಿನ ಕೋಣೆಯದೇ ವಾಸನೆ. ಸುಮ್ನೆ ಕೂತು ಮೂಸುತ್ತೇನೆ. ಊಟದ ಮೇಜಿಗೆ ಅಡುಗೆಯವರು ಒದ್ದೆ ಬಟ್ಟೆ ಹಾಸಿದ್ದರು, ತಟ್ಟೆ ಜಾರದಿರಲಿ ಅಂತ. ಸಾರು ಮಾಡಿರಲಿಲ್ಲ, ಜಾಣರು.

ಇಷ್ಟು ಗಾಳಿ ಇದ್ದರೂ ಮಳೆ ಯಾಕಿಲ್ಲ? ಕೆಳಗಿನ ಗಾಳಿಯಲ್ಲಿ ನೀರಿನ ಪಸೆ ಬೇಕಾದಷ್ಟಿದೆ. ಆದರೆ ಅದರ ಮೇಲೆ ಅರೇಬಿಯಾ ಕಡೆಯ ಬಿಸಿ, ಒಣ ಗಾಳಿ ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ ಕೂತಿದೆ. ಮೋಡ ಮೇಲೇಳುವುದಿಲ್ಲ. ಆ ಪಸೆಯೆಲ್ಲ ಅರಬ್ಬಿ ಸಮುದ್ರ ದಾಟಿ, ಇನ್ನೂ ಹೀರಿಕೊಂಡು, ಆಗುಂಬೆ ಘಾಟಿಗೆ ಬಂದು ಮುಗ್ಗರಿಸುತ್ತೆ. ಏರದೆ ಬೇರೆ ದಾರಿ ಇಲ್ಲ, ಏರಿದರೆ ತಣಿದು ಸುರಿಯದೆ ದಾರಿ ಇಲ್ಲ. ಆಮೇಲೆ ಮೇಗರವಳ್ಳಿಯಲ್ಲಿ ನಮ್ಮ ಹಂಚಿನ ಮೇಲೆ ಜಡಿ.

ಅಮ್ಮ, ಚಂಡಮಾರುತ ಅಂತ ಹೆದರಬೇಡ. ಅರಬ್ಬಿ ಸಮುದ್ರದಲ್ಲಿ ಅವು ಏಳುವುದು ಮುಂಗಾರಿನ ಆಚೀಚೆ, ಮೇ-ಜೂನ್ ಮತ್ತು ಅಕ್ಟೋಬರ್-ನವೆಂಬರಿನಲ್ಲಿ. 2021ರ ತೌಕ್ತೆ ಮೇ ತಿಂಗಳದ್ದು, ನೆನಪಿದೆಯಲ್ಲ? ಜುಲೈನಲ್ಲಿ ಕೆಳಗಿನ ಗಾಳಿ ಒಂದು ದಿಕ್ಕು, ಮೇಲಿನದು ಇನ್ನೊಂದು. ಸುರುಳಿ ಕಟ್ಟಲು ಬಿಡುವುದಿಲ್ಲ. ಅಲ್ಲದೆ ನಮ್ಮ ಕಣ್ಣು ಯಾವಾಗಲೂ ಗಾಳಿಯ ಒತ್ತಡ ಅಳೆಯುವ ಬಾರೋಮೀಟರ್ ಮೇಲಿರುತ್ತೆ. ಉಷ್ಣವಲಯದಲ್ಲಿ ಅದು ದಿನಕ್ಕೆ ಎರಡು ಸಲ ಏರಿ ಇಳಿಯುತ್ತೆ. ಹತ್ತು ಗಂಟೆ ಸುಮಾರಿಗೆ ಮೇಲೆ, ನಾಲ್ಕಕ್ಕೆ ಕೆಳಗೆ, ಹಗಲೂ ರಾತ್ರಿಯೂ. ನನ್ನದು ಹನ್ನೆರಡರಿಂದ ನಾಲ್ಕರ ಪಾಳಿ, ಹಾಗಾಗಿ ನಾನು ನೋಡುವಾಗ ಪಾಪ ಇಳಿಯುತ್ತಲೇ ಇರುತ್ತೆ. ಈ ಮಾಮೂಲಿ ಇಳಿತ ಬಿಟ್ಟು ಇನ್ನೂ 3 ಮಿಲಿಬಾರ್ ಕಮ್ಮಿಯಾದರೆ ಕ್ಯಾಪ್ಟನ್‌ನನ್ನು ಎಬ್ಬಿಸಬೇಕು. ಈ ಸಲ ಎಬ್ಬಿಸುವ ಪ್ರಸಂಗ ಬರಲಿಲ್ಲ.

ಪಾಳಿ ಮುಗಿಯುವಾಗ ಗಾಳಿ, ಒತ್ತಡ, ಅಲೆ, ಮೋಡ ಎಲ್ಲ ಬರೆದು ಹವಾಮಾನ ಕಚೇರಿಗೆ ಗ್ರೀನಿಚ್ ಗಂಟೆಯ ಲೆಕ್ಕದಲ್ಲಿ ಕಳಿಸುತ್ತೇನೆ. ಗ್ರೀನಿಚ್‌ನ ಮಧ್ಯರಾತ್ರಿ ಇಲ್ಲಿ ಬೆಳಗಿನ 4. ಆಗೆಲ್ಲ ಅಪ್ಪಯ್ಯ ಮಳೆಮಾಪಕದ ನೀರು ಅಳೆದು ನೋಟ್‌ಬುಕ್ಕಿನಲ್ಲಿ ಇಂಚು ಬರೆಯುವುದು ನೆನಪಾಗುತ್ತೆ.

ಸಲಾಲಾ ವಿಚಿತ್ರ ಊರು. ಸುತ್ತ ಮರಳುಗಾಡು, ಆದರೆ ಈಗ ಖರೀಫ್ ಕಾಲ, ಅಂದರೆ ಇಲ್ಲಿಯವರ ಮುಂಗಾರು, ಗುಡ್ಡವೆಲ್ಲ ಹಸಿರು. ಮಂಜು, ಜಿನುಗು ಹನಿ. ಗಾಳಿ ಅಡಿಯ ತಣ್ಣೀರನ್ನು ಮೇಲೆ ತರುವುದರಿಂದ ಸಮುದ್ರ 23 ಡಿಗ್ರಿ ತೋರಿಸುತ್ತಿದೆ. ರಸ್ತೆ ಬದಿ ಎಳನೀರು, ಬಾಳೆಹಣ್ಣು. ಕೊಲ್ಲಿ ದೇಶದವರೆಲ್ಲ ಈ ಹನಿಯಲ್ಲಿ ನೆನೆಯಲು ಕಾರು ಕಟ್ಟಿಕೊಂಡು ಬರುತ್ತಾರೆ. ವರ್ಷಕ್ಕೆ 7,600 ಮಿಲಿಮೀಟರ್ ಹೊಯ್ಯುವ ಆಗುಂಬೆ ಪಕ್ಕದವನಿಗೆ ನಗು ಬಂತು, ಆದರೂ ಹೋಗಿ ನೆನೆದೆ.

ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯಲು ಮಳೆ ಹೊಳವಾಯಿತಾ? ಕೊಳೆ ರೋಗ ಹತ್ತಿದೆಯಾ? ಇನ್ನೊಂದು ಮಾತು. ನಾನು 20ಕ್ಕೆ ಕಂಡ ಗಾಳಿ ಘಾಟಿ ಮುಟ್ಟಲು ಎರಡು ಮೂರು ದಿನ ಸಾಕು. ಅಪ್ಪಯ್ಯ, 22, 23, 24ರ ಇಂಚು ಎಷ್ಟು ಅಂತ ನೋಟ್‌ಬುಕ್ ನೋಡಿ ಬರೆಸಿ ಕಳಿಸಿ.

ನಿಮ್ಮ ಮಗ