ಪುಟ್ಟಿಗೆ ನಾಲ್ಕು ತುಂಬಿತು

ಐಂಡ್‌ಹೋವನ್, ನೆದರ್ಲೆಂಡ್ಸ್
16 ನವೆಂಬರ್ 2025, ಭಾನುವಾರ

ತೀರ್ಥರೂಪರಾದ ಅಪ್ಪಯ್ಯನವರ ಹಾಗೂ ಮಾತೃಶ್ರೀ ಅಮ್ಮನವರ ಪಾದಗಳಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ. ನಾವು ಮೂವರೂ ಇಲ್ಲಿ ಕ್ಷೇಮ. ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆಯೂ ನೀವು ತಿಥಿಯನ್ನು ನೆನಪಿಟ್ಟು, ತುಳಸಿ ಹಬ್ಬದ ಹಿಂದಿನ ದಿನವೇ ಪುಟ್ಟಿಯ ಹೆಸರಿನಲ್ಲಿ ಅರ್ಚನೆ ಮಾಡಿಸಿದ್ದನ್ನು ತಿಳಿದು ಸಂತೋಷವಾಯಿತು. ತಾರೀಖಿನ ಲೆಕ್ಕದ ಹುಟ್ಟುಹಬ್ಬ ಮೊನ್ನೆ ಶುಕ್ರವಾರ, 14ರಂದು ಆಯಿತು. ಅಂದು ಫೋನಿನಲ್ಲಿ ಅಪ್ಪಯ್ಯ, ‘ಹುಡುಗಿ ಯಾರ ಹಾಗೆ ಆಗ್ತಾ ಇದ್ದಾಳೋ?’ ಎಂದು ಕೇಳಿದಿರಿ. ನಾನೂ ನಿಮ್ಮ ಸೊಸೆಯೂ ಒಂದೇ ಸಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟೆವು, ಅಷ್ಟರಲ್ಲಿ ಲೈನು ಕಡಿದುಹೋಯಿತು. ಅದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲವಾದ್ದರಿಂದ ಈ ಪತ್ರ.

ಈ ದೇಶದಲ್ಲಿ ಮಗುವಿಗೆ ನಾಲ್ಕು ತುಂಬುವುದು ಒಂದು ದೊಡ್ಡ ಘಟ್ಟ. ಕಾನೂನಿನ ಪ್ರಕಾರ ಶಾಲೆ ಕಡ್ಡಾಯವಾಗುವುದು ಐದು ತುಂಬಿದ ಮೇಲೆ. ಆದರೆ ನಾಲ್ಕು ತುಂಬಿದ ಕೂಡಲೇ ಸೇರಿಸಿಕೊಳ್ಳುತ್ತಾರೆ, ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಹಾಗೆಯೇ ಸೇರುತ್ತವೆ. ನಮ್ಮಲ್ಲಿ ಬೇಸಿಗೆ ರಜೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಊರಿನ ಮಕ್ಕಳೆಲ್ಲ ಒಟ್ಟಿಗೆ ಅಳುತ್ತ ಶಾಲೆಗೆ ಹೋದರೆ, ಇಲ್ಲಿ ವರ್ಷದುದ್ದಕ್ಕೂ ಹುಟ್ಟಿದ ದಿನಕ್ಕೆ ತಕ್ಕಂತೆ ಒಬ್ಬೊಬ್ಬರಾಗಿ ತರಗತಿಗೆ ಬಂದು ಸೇರಿಕೊಳ್ಳುತ್ತಿರುತ್ತಾರೆ. ಹೀಗಾಗಿ ಪುಟ್ಟಿ ಶುಕ್ರವಾರ ಶಿಶುವಿಹಾರಕ್ಕೆ ವಿದಾಯ ಹೇಳಿ ಬಂದಿದ್ದಾಳೆ, ನಾಳೆ ಸೋಮವಾರದಿಂದ ಶಾಲೆಯ ಹುಡುಗಿ. ಆಗಲೇ ಒಬ್ಬರಿಗೊಬ್ಬರು ಹೊಂದಿಕೊಂಡಿರುವ ಮಕ್ಕಳ ನಡುವೆ ಅವಳೊಬ್ಬಳೇ ಹೊಸಬಳು. ಅವಳ ಸ್ವಭಾವದ ಬಗ್ಗೆ ನಾವಿಬ್ಬರೂ ಇಷ್ಟೊಂದು ಯೋಚಿಸುವಂತಾಗಿರುವುದು ಆ ಕಾರಣದಿಂದಲೇ.

ಶಿಶುವಿಹಾರದಲ್ಲಿ ಹುಟ್ಟುಹಬ್ಬದ ಮಗುವನ್ನು ಅಲಂಕರಿಸಿದ ಕುರ್ಚಿಯ ಮೇಲೆ ಕೂರಿಸಿ, ತಲೆಗೆ ಕಾಗದದ ಕಿರೀಟ ಇಟ್ಟು, ಸುತ್ತಲೂ ಕುಳಿತ ಮಕ್ಕಳು ಹಾಡು ಹೇಳುವುದು ರೂಢಿ. ಪುಟ್ಟಿ ಕುರ್ಚಿಯ ಮೇಲೆ ಕುಳಿತಳಂತೆ, ಹಾಡನ್ನೂ ಪೂರ್ತಿ ಕೇಳಿದಳಂತೆ, ಆದರೆ ಕಿರೀಟವನ್ನು ಮಾತ್ರ ತಲೆಗೇರಿಸಲು ಬಿಡದೆ ಕೊನೆಯವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದಳಂತೆ. ಅಳಲಿಲ್ಲ, ರಂಪ ಮಾಡಲಿಲ್ಲ. ಒಂದು ಸಲ ‘ಬೇಡ’ ಎಂದಳು, ಅಷ್ಟೆ. ಮನೆಗೆ ಬಂದು ಅದನ್ನು ಇಡ್ಲಿ ಪಾತ್ರೆಗೆ ತೊಡಿಸಿದಳು. ಈಗಲೂ ಅದು ಅಲ್ಲೇ ಇದೆ, ನಿಮ್ಮ ಸೊಸೆ ಇವತ್ತು ಉಪ್ಪಿಟ್ಟು ಮಾಡಿದ್ದಾಳೆ.

ಶನಿವಾರ ಮನೆಗೆ ಅಕ್ಕಪಕ್ಕದವರನ್ನೂ ಇಲ್ಲಿಯ ನಾಲ್ಕಾರು ಕನ್ನಡ ಮನೆಯವರನ್ನೂ ಕರೆದಿದ್ದೆವು. ಇಲ್ಲಿಯವರ ಒಂದು ಪದ್ಧತಿ ನನಗೆ ಬಹಳ ಹಿಡಿಸುತ್ತದೆ: ಹುಟ್ಟುಹಬ್ಬದ ಮಗುವಿಗೆ ಮಾತ್ರವಲ್ಲ, ತಂದೆತಾಯಿಗೂ ಅಜ್ಜಅಜ್ಜಿಗೂ ಕೈಕುಲುಕಿ ಅಭಿನಂದನೆ ಹೇಳುತ್ತಾರೆ. ಪಕ್ಕದ ಮನೆಯ ವೃದ್ಧೆ, ಊರಿನಲ್ಲಿರುವ ನಿಮ್ಮಿಬ್ಬರಿಗೂ ಮೊಮ್ಮಗಳ ಹುಟ್ಟುಹಬ್ಬದ ಅಭಿನಂದನೆ ತಪ್ಪದೆ ತಿಳಿಸಬೇಕೆಂದು ಹೇಳಿದ್ದಾರೆ, ತಿಳಿಸಿದ್ದೇನೆ. (ಎಲ್ಲರ ಹುಟ್ಟುಹಬ್ಬ ಬರೆದಿಟ್ಟ ಕ್ಯಾಲೆಂಡರನ್ನು ಇವರು ಶೌಚಾಲಯದ ಗೋಡೆಗೆ ತೂಗುಹಾಕುತ್ತಾರೆ ಎಂಬುದನ್ನು ಅಮ್ಮನಿಗೆ ಹೇಳಬಾರದೆಂದುಕೊಂಡಿದ್ದೆ. ನಮ್ಮದು ಅಡುಗೆಮನೆಯಲ್ಲಿದೆ, ಗಾಬರಿಯಾಗಬೇಡಿ.)

ಬಂದವರು ಈ ದೇಶದ ರಿವಾಜಿನಂತೆ ವೃತ್ತಾಕಾರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು, ಮಕ್ಕಳು ಕೋಣೆಯಿಂದ ಕೋಣೆಗೆ ಓಡತೊಡಗಿದರು, ಹುಟ್ಟುಹಬ್ಬದವಳು ಮಾತ್ರ ಎಲ್ಲಿಯೂ ಕಾಣಲಿಲ್ಲ. ಹುಡುಕಿದರೆ ಬಾಗಿಲ ಬಳಿ ಕುಳಿತು, ಎಲ್ಲರೂ ಬಿಚ್ಚಿಟ್ಟಿದ್ದ ಬೂಟುಗಳನ್ನು ಜೋಡಿಸುತ್ತಿದ್ದಳು. ಮಳೆಯಿಂದ ಒದ್ದೆಯಾದವನ್ನು ಒಂದು ಬದಿಗಿಟ್ಟು, ಉಳಿದವನ್ನು ಜೋಡಿಜೋಡಿಯಾಗಿ, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿಟ್ಟಿದ್ದಳು. ಸಾಲಿನ ಒಂದು ತುದಿಯಲ್ಲಿ ಕನ್ನಡದವರ ಕೈಗೂಸಿನ ಉಣ್ಣೆಯ ಚೀಲದಂಥ ಪಾದರಕ್ಷೆ, ಇನ್ನೊಂದು ತುದಿಯಲ್ಲಿ ಎದುರು ಮನೆಯ ಎತ್ತರದ ಮನುಷ್ಯರ 47ನೇ ನಂಬರಿನ ಬೂಟು. ಒಬ್ಬರು, ‘ಪಾಪ, ಮಗುವಿಗೆ ಜನ ಕಂಡರೆ ನಾಚಿಕೆ’ ಎಂದರು. ನಾನು ಏನೂ ಹೇಳಲಿಲ್ಲ. ಸಂಜೆ ಅವರೆಲ್ಲ ಹೊರಟು ನಿಂತಾಗ ಪುಟ್ಟಿ, ಯಾರೂ ಹೇಳದೆ, ಒಬ್ಬೊಬ್ಬರ ಮುಂದೆಯೂ ಅವರವರದೇ ಬೂಟುಗಳನ್ನು ತಂದಿಟ್ಟಳು. ಒಂದೂ ಅದಲುಬದಲಾಗಲಿಲ್ಲ. ಜನ ಕಂಡರೆ ನಾಚುವ ಮಗು ಯಾರು ಯಾವ ಬೂಟು ಹಾಕಿಕೊಂಡು ಬಂದರೆಂದು ಇಷ್ಟು ಸರಿಯಾಗಿ ನೋಡಿಟ್ಟುಕೊಂಡಿರುತ್ತದೆಯೆ?

ಅಮ್ಮಾ, ವಿಡಿಯೊ ಕಾಲ್‌ನಲ್ಲಿ ನೀವು ‘ಒಂದು ಹಾಡು ಹೇಳು ಪುಟ್ಟಿ’ ಎಂದಾಗಲೆಲ್ಲ ಅವಳು ತುಟಿ ಬಿಗಿದು ನಿಂತುಬಿಡುವುದು ನಿಮ್ಮ ಮನಸ್ಸಿಗೆ ನೋವು ತಂದಿದೆ ಎಂಬುದು ನನಗೆ ಗೊತ್ತು. ಚಿಕ್ಕಮ್ಮನ ಮೊಮ್ಮಗ ಅದೇ ವಯಸ್ಸಿನಲ್ಲಿ ಶ್ಲೋಕಗಳನ್ನು ಪಟಪಟನೆ ಒಪ್ಪಿಸುವುದನ್ನು ಕೇಳಿದ ಮೇಲಂತೂ ಆ ಚಿಂತೆ ಹೆಚ್ಚಾಗಿರಬೇಕು. ನೀವು ಕಲಿಸಿದ ಗಣಪತಿಯ ಹಾಡು ಅವಳಿಗೆ ಪೂರ್ತಿ ಬರುತ್ತದೆ. ಫೋನ್ ಇಟ್ಟ ಮೇಲೆ ಸ್ನಾನದ ಮನೆಯಲ್ಲಿ, ನೀವು ಎಳೆಯುವ ಜಾಗದಲ್ಲೇ ರಾಗ ಎಳೆದು ಹೇಳುತ್ತಾಳೆ. ಆದರೆ ಯಾರೋ ಹೇಳೆಂದ ಮಾತ್ರಕ್ಕೆ ಹೇಳುವವಳಲ್ಲ. ಅದು ನಿಮ್ಮ ಮೇಲಿನ ಪ್ರೀತಿಗೂ ಭಯಕ್ಕೂ ಸಂಬಂಧಪಟ್ಟದ್ದಲ್ಲ. ನನಗೂ ಕಿರೀಟ ತೊಡಿಸುವ ಶಿಕ್ಷಕಿಗೂ ಅವಳು ಕೊಡುವ ಉತ್ತರ ಅದೇ.

ನಿಮ್ಮ ಸೊಸೆಗೂ ಮೊದಲು ಈ ಕಳವಳವಿತ್ತು. ಆಮೇಲೆ ನಾವಿಬ್ಬರೂ ಸ್ವಲ್ಪ ಓದಿದೆವು. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ ನ್ಯೂಯಾರ್ಕಿನಲ್ಲಿ 1956ರಿಂದ ನೂರಕ್ಕೂ ಹೆಚ್ಚು ಮಕ್ಕಳನ್ನು ಹಸುಗೂಸುಗಳಾಗಿದ್ದಾಗಿನಿಂದ ದೊಡ್ಡವರಾಗುವವರೆಗೂ ಗಮನಿಸಿದರಂತೆ. ನೂರಕ್ಕೆ ಸುಮಾರು 15 ಮಕ್ಕಳು ಹೊಸ ಜನ, ಹೊಸ ಜಾಗ, ಹೊಸ ತಿಂಡಿ ಯಾವುದಕ್ಕೂ ಒಮ್ಮೆಗೇ ಕೈ ಚಾಚದೆ, ತಮ್ಮ ಪಾಡಿಗೆ ಬಿಟ್ಟರೆ ನಿಧಾನವಾಗಿ ಒಗ್ಗಿಕೊಳ್ಳುವವರು ಎಂಬುದು ಅವರು ಕಂಡದ್ದು. ತೊಂದರೆ ಬರುವುದು ಮಗುವಿನ ಸ್ವಭಾವದಿಂದಲ್ಲ, ಆ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಹೊಂದಾಣಿಕೆ ತಪ್ಪಿದಾಗ ಎಂದೂ ಅವರು ಹೇಳಿದ್ದಾರೆ. ಪುಸ್ತಕದ ಮಾತುಗಳನ್ನೆಲ್ಲ ನಂಬುವವನು ನಾನಲ್ಲವಾದರೂ ಈ ಮಾತು ಮಾತ್ರ ನಮ್ಮ ಮನೆಯಲ್ಲೇ ಕುಳಿತು ಬರೆದಂತಿತ್ತು. ಶಿಶುವಿಹಾರ ಸೇರಿದ ಹೊಸತರಲ್ಲಿ ಅವಳು ತಿಂಗಳುಗಟ್ಟಲೆ ಬಾಯಿಯನ್ನೇ ತೆರೆದಿರಲಿಲ್ಲ. ಆಮೇಲೊಂದು ದಿನ ಊಟದ ಹೊತ್ತಿಗೆ, ತನ್ನ ಲೋಟ ಬೇರೆಯವರಿಗೆ ಹೋಗಿದೆ ಎಂದು ಡಚ್ ಭಾಷೆಯಲ್ಲಿ, ತಪ್ಪಿಲ್ಲದ ಪೂರ್ತಿ ವಾಕ್ಯದಲ್ಲಿ ಹೇಳಿದಳಂತೆ.

ಇನ್ನು ಅಪ್ಪಯ್ಯನ ಪ್ರಶ್ನೆ. ಕಳೆದ ವರ್ಷ ನಾವು ಊರಿಗೆ ಬಂದಿದ್ದಾಗ ನೀವು ಜಗಲಿಯ ಮೇಲೆ ಅಡಿಕೆ ವಿಂಗಡಿಸಲು ಕುಳಿತ ಆ ಮಧ್ಯಾಹ್ನ ನೆನಪಿರಬೇಕು. ಮೊದಲೆರಡು ದಿನ ನಿಮ್ಮ ಹತ್ತಿರ ಸುಳಿಯದಿದ್ದ ಪುಟ್ಟಿ ಅಂದು ಬಂದು ಪಕ್ಕದಲ್ಲಿ ಕುಳಿತು, ನಿಮ್ಮ ಕೈಯನ್ನೇ ಬಹಳ ಹೊತ್ತು ನೋಡಿ, ಆಮೇಲೆ ರಾಶಿಯಲ್ಲಿ ಸೇರಿದ್ದ ಗೊರಬಲನ್ನು, ಅಂದರೆ ಕಡಿಮೆ ದರ್ಜೆಯ ಅಡಿಕೆಯನ್ನು, ಒಂದೊಂದಾಗಿ ಹೆಕ್ಕಿ ನಿಮ್ಮ ಮುಂದಿಟ್ಟಳು. ನೀವಿಬ್ಬರೂ ಸಂಜೆಯವರೆಗೆ ಒಂದು ಮಾತೂ ಆಡಲಿಲ್ಲ. ಅಂದಿನಿಂದ ಮನೆಯವರೆಲ್ಲ ಅವಳನ್ನು ಅಜ್ಜನ ಪಡಿಯಚ್ಚು ಎನ್ನುತ್ತಾರೆ, ನಿಮಗೂ ಆ ಮಾತು ಹಿತವಾಗಿದೆ ಎಂದು ಬಲ್ಲೆ. ನಿಮ್ಮ ಸೊಸೆ ಫೋನಿನಲ್ಲಿ ಹೇಳಿದ ಉತ್ತರವೂ ಅದೇ. ನನಗೆ ಮಾತ್ರ ಹಾಗನ್ನಿಸುವುದಿಲ್ಲ, ಸಿಟ್ಟಾಗಬೇಡಿ. ನಮ್ಮ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಅಜ್ಜನ ಹಠ, ಅತ್ತೆಯ ನಗು, ದೊಡ್ಡಪ್ಪನ ಮುಂಗೋಪ ಎಂದು ಒಂದೊಂದನ್ನು ಹಂಚಿಬಿಡುವ ವಾಡಿಕೆಯಿದೆ, ನನಗೂ ನೀವು ಸೋದರಮಾವನ ಸೋಮಾರಿತನವನ್ನು ಹಂಚಿದ್ದಿರಿ. ನೀವು ಮಾತು ಕಡಿಮೆ ಆಡುವುದು ಮಾತು ಬೇಡವೆಂದು. ಇವಳು ಸುಮ್ಮನಿರುವುದು ಇನ್ನೂ ನೋಡುವುದು ಬಾಕಿಯಿದೆಯೆಂದು; ನೋಡಿ ಮುಗಿದ ಮೇಲೆ ಅವಳ ಬಾಯಿ ನಿಲ್ಲಿಸುವುದೇ ಕಷ್ಟ. ರಾತ್ರಿ ಮಲಗುವಾಗ ದಿನದಲ್ಲಿ ಕಂಡದ್ದನ್ನೆಲ್ಲ, ಯಾರ ಸೈಕಲ್ಲಿಗೆ ಯಾವ ಬಣ್ಣದ ಬುಟ್ಟಿ ಎಂಬುದರವರೆಗೆ, ನಿದ್ದೆ ಬರುವ ತನಕ ಹೇಳುತ್ತಾಳೆ. ಅಂಥ ಮಾತುಗಾರರು ನಮ್ಮೆರಡೂ ಕಡೆಯಲ್ಲಿ ನನಗೆ ತಿಳಿದಂತೆ ಯಾರೂ ಇಲ್ಲ. ಆದ್ದರಿಂದ ಯಾರ ಹಾಗೆ ಎಂದರೆ ನನ್ನ ಉತ್ತರ, ಸದ್ಯಕ್ಕೆ ಯಾರ ಹಾಗೂ ಅಲ್ಲ.

ನಾಳೆಯ ಬಗ್ಗೆ ಚಿಂತೆ ಬೇಡ. ನಾಲ್ಕು ತುಂಬುವ ಮುಂಚೆಯೇ ಮಕ್ಕಳನ್ನು ಕೆಲವು ಹೊತ್ತು ಶಾಲೆಗೆ ಕರೆಸಿ ರೂಢಿ ಮಾಡಿಸುವ ಏರ್ಪಾಡು ಇಲ್ಲಿದೆ. ಅವಳು ಆ ದಿನಗಳನ್ನು ಕಿಟಕಿಯ ಬಳಿ ನಿಂತು ಕಳೆದಳು. ಶಿಕ್ಷಕಿ ಎಳೆದುತಂದು ಕೂರಿಸದೆ, ಅಲ್ಲಿಗೇ ಒಂದು ಪುಟ್ಟ ಸ್ಟೂಲು ತಂದಿಟ್ಟರು. ಆಕೆಯ ಮೇಲೆ ನನಗೆ ಭರವಸೆ ಬಂದದ್ದು ಅದರಿಂದಲೇ.

ಮೇ ತಿಂಗಳಲ್ಲಿ ನೀವು 90 ದಿನದ ವೀಸಾದಲ್ಲಿ ಬರುವಾಗ ನನ್ನದೊಂದು ಕೋರಿಕೆ. ವಿಮಾನ ನಿಲ್ದಾಣದಲ್ಲಿ ಅಮ್ಮ ಅವಳನ್ನು ಎತ್ತಿಕೊಳ್ಳಲು ಕೈಚಾಚಬೇಡಿ, ಕರೆಯಲೂ ಬೇಡಿ. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಒಂದು ಮೊರದ ತುಂಬ ಹಸಿ ಬಟಾಣಿ ಹಾಕಿಕೊಂಡು ಸುಲಿಯಲು ಕುಳಿತುಬಿಡಿ. ಬಟಾಣಿ ನಾನು ತಂದಿಟ್ಟಿರುತ್ತೇನೆ. ಮೊರ ಮಾತ್ರ ಇಲ್ಲಿ ಸಿಗುವುದಿಲ್ಲ, ಊರಿನಿಂದ ಒಂದು ಚಿಕ್ಕದನ್ನು ತನ್ನಿ. ಅಪ್ಪಯ್ಯನಿಗೆ ಬೇರೆ ಸೂಚನೆ ಬೇಕಾಗಿಲ್ಲ.

ಹಿರಿಯರಿಗೆಲ್ಲ ನಮ್ಮ ನಮಸ್ಕಾರಗಳನ್ನು ತಿಳಿಸಿರಿ. ಕೊಯ್ಲು ಎಲ್ಲಿಗೆ ಬಂತೆಂದು ಬರೆಯಿರಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ
ಮಗ