ಆ ರಾತ್ರಿಯನ್ನು ಕೊನೆಗೂ ಹೇಳಿ ಮುಗಿಸಿದೆ

ಅಪಘಾತವಾದ ಆ ರಾತ್ರಿಯ ಕಥೆಯನ್ನು ಕಳೆದ ವಾರ ಆಪ್ತಸಮಾಲೋಚಕಿಯ ಎದುರು ಎಲ್ಲೂ ತಡವರಿಸದೆ, ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದೆ. ಅದಕ್ಕೆ ಎರಡು ವರ್ಷ ಹಿಡಿಯಿತು. ಜೊತೆಗಿದ್ದವರಿಗೆ ಎಲ್ಲರೆದುರು ಕೃತಜ್ಞತೆ ಹೇಳಬೇಕೆನಿಸಿದೆ.

ಮೊದಲು ಅಕ್ಕನಿಗೆ. ಮೈಮೇಲಿನ ಗಾಯಗಳು ಮೂರು ತಿಂಗಳಲ್ಲಿ ಮಾಗಿದವು, ಮರೆವು ಬಿಡಲಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ರಾತ್ರಿ ಐದಾರು ಸಲ ಎದ್ದು ನೋಡುತ್ತಿದ್ದೆ. ಬ್ರೇಕ್ ಕಿರುಚಿದ ಸದ್ದು, ಸುಟ್ಟ ರಬ್ಬರಿನ ವಾಸನೆ ಮಾತ್ರ ಕರೆಯದೆಯೇ ಬರುತ್ತಿದ್ದವು, ಈಗ ತಾನೇ ನಡೆದ ಹಾಗೆ. 'ಅಷ್ಟೂ ನೆನಪಿರುವುದಿಲ್ಲವೇ?' ಎಂದು ಅಕ್ಕ ಒಮ್ಮೆಯೂ ಕೇಳಲಿಲ್ಲ. ಒಲೆಯ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ಸಿಲ್ ತೂಗುಹಾಕಿದಳು. 'ಆರಿಸಿದೆ, 9.10' ಎಂಬ ನನ್ನದೇ ಅಕ್ಷರ ನೋಡಿ ಮಲಗುತ್ತಿದ್ದೆ.

ಮನೋವೈದ್ಯರಿಗೆ ನಾನು ಋಣಿ. ಮಿದುಳಿನೊಳಗಿನ ಬಾದಾಮಿಯಾಕಾರದ ಅಮಿಗ್ಡಲಾ ಅಪಾಯದ ಗಂಟೆ ಬಾರಿಸುತ್ತದೆ, ಪಕ್ಕದ ಹಿಪೊಕ್ಯಾಂಪಸ್ ನಡೆದದ್ದಕ್ಕೆ ಎಲ್ಲಿ, ಯಾವಾಗ ಎಂಬುದನ್ನು ಜೋಡಿಸುತ್ತದೆ ಎಂದು ಅವರು ಕಾಗದದ ಮೇಲೆ ಬರೆದು ತೋರಿಸಿದರು. ಜೀವಭಯದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಉಕ್ಕಿದಾಗ ಮೊದಲನೆಯದು ಅತಿಯಾಗಿ ಎಚ್ಚರಗೊಂಡು, ಎರಡನೆಯದರ ಕೆಲಸ ಹದ ತಪ್ಪಬಹುದಂತೆ. ಆಗ ಸದ್ದು, ವಾಸನೆಗಳು ಆಳವಾಗಿ ಅಚ್ಚೊತ್ತಿ, ಘಟನೆಯ ಹಿಂದುಮುಂದು ಕಳಚಿಹೋಗುತ್ತದೆ. ಆಮೇಲೂ ಸದಾ ಅಪಾಯ ಕಾಯುತ್ತಿರುವ ಮಿದುಳಿಗೆ ಒಲೆಯ ಕಡೆ ಗಮನವೆಲ್ಲಿ? ಗಮನ ತಾಗದ್ದು ನೆನಪಾಗಿ ನಿಲ್ಲುವುದಿಲ್ಲ. ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಒತ್ತಡದ ತೊಂದರೆ) ಎಂಬ ಈ ಕಾಯಿಲೆ 1980ರಲ್ಲೇ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತ್ತು ಎಂದು ಕೇಳಿ ಅಲ್ಲೇ ಅತ್ತುಬಿಟ್ಟೆ. ಅಷ್ಟು ದಿನ ಅದನ್ನು ನನ್ನ ಸೋಮಾರಿತನವೆಂದೇ ನಂಬಿದ್ದೆ.

ವಿಮೆಯ ವಿಚಾರಣೆಯಲ್ಲಿ 'ನಿಮ್ಮ ಹೇಳಿಕೆ ಪ್ರತಿ ಸಲ ಬದಲಾಗುತ್ತದೆ' ಎಂದು ಅಧಿಕಾರಿಗಳು ದಬಾಯಿಸಿದ ದಿನ ನನ್ನ ಜೊತೆ ಬಂದಿದ್ದ ಗೆಳತಿಗೂ ಕೃತಜ್ಞತೆ. 'ನೆನಪಿರುವಷ್ಟೇ ಹೇಳು, ಬಿಟ್ಟುಹೋದದ್ದನ್ನು ಹೊಲಿಯಬೇಡ' ಎಂದಳು. ಎಷ್ಟು ಸರಿಯಾದ ಮಾತು! ಖಾಲಿ ಜಾಗವನ್ನು ಊಹೆಯಿಂದ ತುಂಬುವುದು ನೆನಪಿನ ಸಹಜ ಗುಣ. ಒತ್ತಾಯಿಸಿದಷ್ಟೂ ಅದು ಹೆಚ್ಚುತ್ತದೆ.

ಇನ್ನು ಆಪ್ತಸಮಾಲೋಚಕಿ. ಮಾತು ನಡುವೆ ನಿಂತು ಮೈ ನಡುಗಿದಾಗ, 'ಪಾದ ನೆಲಕ್ಕೆ ತಾಗಿದೆಯೇ ನೋಡಿ' ಎನ್ನುತ್ತಿದ್ದರು. ತಾಗಿರುತ್ತಿತ್ತು. ಅಲ್ಲಿಂದ ಮುಂದಿನ ವಾಕ್ಯ. ಕೆಲವು ವಾರ ಒಂದೇ ವಾಕ್ಯ. ಅವರು ಎಂದೂ ಗಡಿಯಾರ ನೋಡಲಿಲ್ಲ.

ಅಕ್ಕಾ, ನೋಟ್‌ಬುಕ್ಕಿನಲ್ಲಿ ಮಾರ್ಚ್ ನಂತರದ ಪುಟಗಳೆಲ್ಲ ಖಾಲಿಯಿವೆ. ಆದರೂ ಅದನ್ನು ಮೊಳೆಯಿಂದ ತೆಗೆಯಬೇಡ, ಸ್ವಲ್ಪ ದಿನ ಅಲ್ಲೇ ಇರಲಿ.