ಮತ್ತೆ ಕಮಾನು ಹಿಡಿದ ಕೈಯಿಂದ

ಕಳೆದ ಶನಿವಾರ ರಾತ್ರಿ, ಹನ್ನೊಂದು ತಿಂಗಳ ಬಳಿಕ, ನಮ್ಮ ರಾಕ್ ತಂಡ ಬೆಂಗಳೂರಿನ ಒಂದು ಪುಟ್ಟ ವೇದಿಕೆಯಲ್ಲಿ ಐವತ್ತು ನಿಮಿಷ ನುಡಿಸಿತು. ಏಳು ಹಾಡು ಹಾಡಿದೆ, ಏಳಕ್ಕೂ ಸೆಲ್ಲೊ ನುಡಿಸಿದೆ, ಪಿಟೀಲಿನ ದೊಡ್ಡಕ್ಕನಂತಿರುವ, ಕೂತು ಕಮಾನಿನಿಂದ ನುಡಿಸುವ ವಾದ್ಯ. ಕೊನೆಯ ಹಾಡು ಮುಗಿದಾಗಲೂ ಹೆಬ್ಬೆರಳು ನೋಯುತ್ತಿರಲಿಲ್ಲ. ಅದಕ್ಕೆ ಕಾರಣರಾದವರ ಋಣ ದೊಡ್ಡದು. ಒಬ್ಬೊಬ್ಬರನ್ನಾಗಿ ನೆನೆಯದೆ ಸಮಾಧಾನವಿಲ್ಲ.

ಕಳೆದ ವರ್ಷ ಜುಲೈನಲ್ಲಿ ಬಲಗೈ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ನೋವು ಶುರುವಾಯಿತು. ಕಮಾನು ಹಾಗಿರಲಿ, ನೀರಿನ ಲೋಟ ಎತ್ತಿದರೂ ಜೀವ ಹೋದಂತಾಗುತ್ತಿತ್ತು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ಕಿರುಬೆರಳ ಕಡೆಗೆ ಬಾಗಿಸಿ ಎಂದರು ವೈದ್ಯರು. ಬಾಗಿಸಿದವಳು ಕೂಗಿಕೊಂಡೆ. ಹೆಬ್ಬೆರಳಿನ ಎರಡು ಸ್ನಾಯುರಜ್ಜುಗಳು ಹಾದುಹೋಗುವ ಕಡೆ ಅವುಗಳ ಹೊದಿಕೆ ದಪ್ಪಗಾಗಿತ್ತು. ಕೈಗೆ ಪಟ್ಟಿ ಬಂತು, ಕಮಾನು ಪೆಟ್ಟಿಗೆ ಸೇರಿತು.

ಮೊದಲ ನಮಸ್ಕಾರ ನನ್ನ ಫಿಸಿಯೊಥೆರಪಿಸ್ಟ್‌ಗೆ. ಸಂಗೀತದ ಗಂಧವಿಲ್ಲ ಎಂದು ತಾವೇ ಹೇಳಿಕೊಳ್ಳುವ ಆ ತಾಯಿ ಒಂದು ದಿನ ಸೆಲ್ಲೊವನ್ನೇ ತರಲು ಹೇಳಿದರು. ಸುಮ್ಮನೆ ಹಿಡಿದು ತೋರಿಸಿ ಎಂದರು. ಬಹಳ ಹೊತ್ತು ನೋಡಿ, "ಡ್ರಮ್ಸ್ ಪಕ್ಕದಲ್ಲಿ ಕೂರುತ್ತೀರಾ? ನಿಮ್ಮ ವಾದ್ಯ ನಿಮಗೇ ಕೇಳಿಸುತ್ತಿಲ್ಲ, ಅದಕ್ಕೇ ಇಷ್ಟು ಒತ್ತುತ್ತಿದ್ದೀರಿ" ಎಂದರು. ಹತ್ತು ವರ್ಷದಲ್ಲಿ ಯಾರೂ ಹೇಳದ ಮಾತು ಅದು.

ಮೈಸೂರಿನಲ್ಲಿ ಅಮ್ಮನ ಮನೆ ಸೇರಿ ಈ ಸಂಗತಿ ಹೇಳಿದಾಗ ಅಮ್ಮನಿಗೆ ನೆನಪಾದದ್ದು ಪಿಟೀಲು ಚೌಡಯ್ಯನವರು. "ಹಿಂದಿನ ಸಾಲಿನವರಿಗೆ ಕೇಳಿಸುವುದಿಲ್ಲ ಎಂದು ಅವರು ಕೈ ಒತ್ತಲಿಲ್ಲವಮ್ಮ, ನಾಲ್ಕು ತಂತಿಯನ್ನು ಏಳು ಮಾಡಿಕೊಂಡರು." ಚಿಕ್ಕಂದಿನಿಂದ ಕೇಳಿದ ಕಥೆ. ಅದರಲ್ಲಿ ನನ್ನ ಹೆಬ್ಬೆರಳಿಗೆ ಬೇಕಾದ ಪಾಠವಿದೆ ಎಂದು ಗೊತ್ತಿರಲಿಲ್ಲ.

ಪಾಠ ಕೈಗೆ ಇಳಿದದ್ದು ಮಾತ್ರ ಅವರೆಕಾಯಿ ಕಾಲದಲ್ಲಿ. ಡಿಸೆಂಬರಿನಲ್ಲಿ ನೆನೆಸಿದ ಅವರೆಕಾಳನ್ನು ಹಿತುಕಲು ಅಮ್ಮ ನನ್ನ ಮುಂದಿಟ್ಟರು, ಮೊದಲ ದಿನ ಎಣಿಸಿ ಹತ್ತೇ ಕಾಳು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಜೋರಾಗಿ ಅಮುಕಿದರೆ ಬೇಳೆ ಜಜ್ಜಿಹೋಗುತ್ತದೆ. ಹದವಾಗಿ ಒತ್ತಿದರೆ ಸಿಪ್ಪೆಯಿಂದ ತಾನಾಗಿ ಜಾರಿ ಪಾತ್ರೆಗೆ ಬೀಳುತ್ತದೆ. ಸಂಕ್ರಾಂತಿಯ ಹೊತ್ತಿಗೆ ಒಂದು ಬಟ್ಟಲು ಹಿತುಕಿದೆ. ಅವತ್ತಿನ ಬೇಳೆ ಸಾರಿನ ರುಚಿ ಇನ್ನೂ ನಾಲಿಗೆಯ ಮೇಲಿದೆ. ಈಗ ಕಮಾನು ಹಿಡಿಯುವಾಗಲೆಲ್ಲ ಬೆರಳಿಗೆ ಆ ಕಾಳು ನೆನಪಾಗುತ್ತದೆ. ಅಮ್ಮ, ನಿನಗೆ ಏನೆಂದು ಹೇಳಲಿ?

ನುಡಿಸಲಾಗದ ಆ ತಿಂಗಳುಗಳಲ್ಲಿ ಕೇಳುತ್ತಾ ಕುಳಿತೆ. ಹೆಚ್ಚು ಕೇಳಿದ್ದು ಅಮೆರಿಕದ ಸೆಲ್ಲೊ ವಾದಕಿ, ಗಾಯಕಿ ಮೆಲೊರಾ ಕ್ರೀಗರ್ ಅವರನ್ನು. 1994ರಲ್ಲಿ ನಿರ್ವಾಣ ಎಂಬ ಹೆಸರಾಂತ ರಾಕ್ ತಂಡದ ಯುರೋಪ್ ಪ್ರವಾಸದಲ್ಲಿ ಸೆಲ್ಲೊ ನುಡಿಸಿದವರು, ತಮ್ಮ ರಾಸ್ಪುಟಿನಾ ತಂಡವನ್ನು ಸೆಲ್ಲೊಗಳ ಮೇಲೆಯೇ ಕಟ್ಟಿದವರು. 1996ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಹೆಸರೇ ಅರಿವಳಿಕೆಯ ಈಥರ್‌ಗೆ ಹೇಳುವ ಧನ್ಯವಾದ. ಸೊಂಟ ಬಿಗಿಯುವ ಹಳೆಯ ಕಾಲದ ಕಾರ್ಸೆಟ್ ಉಡುಪು ತೊಟ್ಟು ವೇದಿಕೆಗೆ ಬರುವ ಈ ಹೆಂಗಸಿನ ಅಭಿರುಚಿ ನನಗೆ ಬಹಳ ಪ್ರಿಯ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಮರುವರ್ಷ ಯುರೋಪ್, ಅಮೆರಿಕಗಳಲ್ಲಿ ಬೇಸಿಗೆಯೇ ಬಾರದೆ ಬೆಳೆ ಹಾಳಾದ ಸಂಗತಿಯನ್ನು ಹಾಡಾಗಿಸುವ ರಾಕ್ ಗಾಯಕಿಯರು ಎಷ್ಟು ಮಂದಿ ಇದ್ದಾರೆ? ಸೆಲ್ಲೊ ಎಂದರೆ ಹಿಂದೆ ಕೂತು ಶ್ರುತಿ ತುಂಬುವ ವಾದ್ಯವಲ್ಲ, ತಂಡವನ್ನು ಮುನ್ನಡೆಸಬಲ್ಲದು ಎಂಬ ಧೈರ್ಯ ನನಗೆ ಬಂದದ್ದು ಅವರಿಂದ. ಅವರಿಗೆ ಕನ್ನಡ ಬಾರದು, ಆದರೂ ಇಲ್ಲಿ ಕೈಮುಗಿಯುತ್ತೇನೆ.

ಮಾರ್ಚ್‌ನ ಒಣ ಬಿಸಿಲಿಗೆ ಸೆಲ್ಲೊದ ಅಂಚಿನ ಬೆಸುಗೆ ಬಿಟ್ಟಿತು. ರಿಪೇರಿ ಮಾಡುವ ಹಿರಿಯರು ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟುತ್ತಾ ಹೋಗಿ, ಸದ್ದು ಬದಲಾದಲ್ಲಿ ನಿಲ್ಲಿಸಿದರು. "ಅಂಟು ಬಿಟ್ಟಿದೆ, ಮರ ಸೀಳಿಲ್ಲ. ಈ ಅಂಟು ಇರುವುದೇ ಹಾಗೆ ಬಿಟ್ಟುಕೊಡಲು" ಎಂದರು. ಮರ ಕುಗ್ಗಿದಾಗ ಬಿರುಕಿನಿಂದ ಪಾರಾಗಲೆಂದೇ ಪ್ರಾಣಿಜನ್ಯ ಅಂಟು ಹಾಕುತ್ತಾರಂತೆ. ಮೂರು ದಿನದಲ್ಲಿ ಸರಿಪಡಿಸಿದರು, ತಂತಿಗಳನ್ನು ಹೊರುವ ಕುದುರೆಯನ್ನೂ ನೆಟ್ಟಗೆ ಮಾಡಿದರು. ಎಷ್ಟು ಹೇಳಿದರೂ ಅಂಟಿನ ಖರ್ಚಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ.

ಇನ್ನು ನನ್ನ ತಂಡ. ಬೇರೆಯವರನ್ನು ಕರೆದುಕೊಳ್ಳಿ ಎಂದು ನಾನೇ ಹೇಳಿದ್ದೆ. ಯಾರೂ ಆ ಮಾತಿಗೆ ಉತ್ತರವನ್ನೇ ಕೊಡಲಿಲ್ಲ. ಡ್ರಮ್ಮರ್ ಏನೂ ಕೇಳದೆ ತನ್ನ ಜಾಗವನ್ನು ಇನ್ನೊಂದು ಮೂಲೆಗೆ ಸರಿಸಿದ, ನನ್ನ ಕಾಲ ಬಳಿ ಒಂದು ಸ್ಪೀಕರ್ ಇಟ್ಟ. ಎರಡನೆಯ ಸೆಲ್ಲೊ ನುಡಿಸುವ ಹುಡುಗಿ ನನ್ನ ಭಾಗಗಳನ್ನೆಲ್ಲ ಕಲಿತಿದ್ದಳು, ಕೈ ಸೋತರೆ ಎತ್ತಿಕೊಳ್ಳಲೆಂದು. ಶನಿವಾರ ಅದರ ಅಗತ್ಯ ಬೀಳಲಿಲ್ಲ. ಆದರೂ ಪಕ್ಕದಲ್ಲಿ ಅವಳಿದ್ದಾಳೆ ಎಂಬ ನೆಮ್ಮದಿಯಿಂದಲೇ ನನ್ನ ಕೈ ಹಗುರವಾಗಿತ್ತು.

ಅಂದು ಕಾರ್ಯಕ್ರಮ ಮುಗಿದಾಗ ಜೋರು ಮಳೆ. ತಾನು ಪೂರ್ತಿ ನೆನೆಯುತ್ತಾ ಸೆಲ್ಲೊ ಪೆಟ್ಟಿಗೆಗೆ ಛತ್ರಿ ಹಿಡಿದು ಕಾರಿನವರೆಗೆ ಬಂದ ನೀಲಿ ಅಂಗಿಯ ತಮ್ಮನ ಹೆಸರು ಕೇಳಲು ಮರೆತೆ. ಇದನ್ನು ಓದಿದರೆ ದಯವಿಟ್ಟು ತಿಳಿಸಪ್ಪ, ನಿನ್ನ ಛತ್ರಿ ನನ್ನ ಬಳಿಯೇ ಉಳಿದಿದೆ.